ಸಾಯ್‌ಬುವಾ ಅಜ್ಜಿಯ ಗಾಂಜಾ ಗಿಡಕ್ಕೆ ಹಿಡಿದ ಹಳದಿ

ಗಾಂಜಾ ಗಿಡ ಹೂ ಬಿಡುವ ಕಾಲದಲ್ಲಿ ಅದಕ್ಕೆ ದಿನಕ್ಕೆ ಹನ್ನೆರಡು ಗಂಟೆ ಗಾಢ ಕತ್ತಲೆ ಬೇಕು ಎಂದು ಫಿಚಿತ್ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ತಿಳಿದುಕೊಂಡಿದ್ದ. ತಿಳಿದ ಮೇಲೆ ಸುಮ್ಮನಿರುವ ಜಾಯಮಾನ ಅವನದಲ್ಲ. ಬಾಡಿಗೆ ಕೋಣೆಯ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಪಕ್ಕ ಅವನದೂ ಒಂದು ಗಿಡವಿತ್ತು. ಸಂಜೆ ಅಂಗಡಿಯಿಂದ ಬಂದವನೇ ತಾನು ಹೊದೆಯುವ ಕಂಬಳಿ ತಂದು ಗಿಡಕ್ಕೆ ಮುಸುಕು ಹಾಕುತ್ತಿದ್ದ, ಬೆಳಿಗ್ಗೆ ತೆಗೆಯುತ್ತಿದ್ದ. ಮಳೆ ನಿಂತು ಚಳಿಗಾಳಿ ಶುರುವಾದ ದಿನಗಳು. ಗಿಡ ಬೆಚ್ಚಗಿರುತ್ತಿತ್ತು, ಇವನು ಒಳಗೆ ಮಂಡಿ ಮಡಚಿಕೊಂಡು ನಡುಗುತ್ತಿದ್ದ. ನಾಲ್ಕಾರು ದಿನ ನೋಡಿದ ಮನೆಯೊಡತಿ ಕೊನೆಗೆ ತಡೆಯಲಾರದೆ ಕೇಳಿದಳು.

"ಏನಪ್ಪಾ, ಗಿಡಕ್ಕೆ ಜ್ವರನಾ?"

ಅವನು ಹನ್ನೆರಡು ಗಂಟೆಯ ಶಾಸ್ತ್ರವನ್ನು ಸಾವಧಾನವಾಗಿ ವಿವರಿಸಿದ. ಆಕೆ ಪಡುವಣ ಆಕಾಶವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು.

"ಅಲ್ಲಯ್ಯಾ, ಸೂರ್ಯ ಅಷ್ಟೊತ್ತಿಗೆ ಮುಳುಗಿರ್ತಾನಲ್ಲ. ಕತ್ಲೆ ಮಾಡೋ ಕೆಲ್ಸ ನಿಂಗ್ಯಾರು ವಹಿಸಿದ್ರು?"

ವಿಡಿಯೋದವನು ದೀಪ ಹಚ್ಚಿದ ಕೋಣೆಯೊಳಗೆ ಬೆಳೆಸುತ್ತಿದ್ದನೆಂದೂ, ಬಯಲಿನ ಗಿಡಕ್ಕೆ ರಾತ್ರಿ ತನ್ನಷ್ಟಕ್ಕೆ ತಾನೇ ಆಗುತ್ತದೆಂದೂ ಅವನಿಗೆ ಹೊಳೆದದ್ದು ಆಗ.

ಇಂಥ ಫಿಚಿತ್‌ನನ್ನು ಇಡೀ ಪೇಟೆ 'ಗಾಂಜಾ ಡಾಕ್ಟರು' ಎನ್ನುತ್ತಿತ್ತು. ಕಾರಣ ಅವನ ಅಂಗಿ. ಸಕೊನ್ ನಕೊನ್ ಸೀಮೆಯ ಆ ಪುಟ್ಟ ಪೇಟೆಯಲ್ಲಿ ಜೇ ಎಂಗ್ ಎಂಬ ಹೆಂಗಸಿನದು ಬೀಜ ಗೊಬ್ಬರದ ಅಂಗಡಿ. ಮನೆಯಂಗಳದಲ್ಲಿ ಗಾಂಜಾ ಬೆಳೆಯಬಹುದು ಎಂದು ಕಾನೂನು ಸಡಿಲವಾದ ವರ್ಷ ಅವಳು ಎಲೆಯ ಚಿತ್ರವಿರುವ ಹಸಿರು ಅಂಗಿ ಹೊಲಿಸಿ ಕೆಲಸದವನಿಗೆ ತೊಡಿಸಿದಳು. ಕೆಲಸದವನು ಇವನೊಬ್ಬನೇ. ಅವನಿಗೆ ಅವಳು ಕೊಟ್ಟ ತರಬೇತಿ ಎರಡೇ ಮಾತಿನದು: "ಎಲೆ ಹಳದಿ ಅಂದ್ರೆ ಹಸಿರು ಬಾಟ್ಲಿ ಕೊಡು. ಎಲೆ ಕಂದು ಅಂದ್ರೆ ನೀಲಿ ಬಾಟ್ಲಿ ಕೊಡು." ಎಲೆ ಹಸಿರಾಗಿದ್ದರೆ ಏನು ಕೊಡಬೇಕೆಂದು ಅವನು ಕೇಳಿದ್ದಕ್ಕೆ, ಹಸಿರು ಎಲೆಯವರು ಅಂಗಡಿಗೆ ಯಾಕೆ ಬರುತ್ತಾರೆ ಎಂದು ಬೈದಿದ್ದಳು.

ಸಾಯ್‌ಬುವಾ ಅಜ್ಜಿ ಬಂದದ್ದು ಆ ಅಂಗಡಿಗೆ. ಅಲ್ಲಿ ಅಜ್ಜಿಯರನ್ನು ಯಾಯ್ ಎನ್ನುತ್ತಾರೆ, ಅಜ್ಜಂದಿರನ್ನು ತಾ. ಯಾಯ್ ಸಾಯ್‌ಬುವಾಳ ಕೈ ಮಣಿಕಟ್ಟಿನವರೆಗೂ ನೀಲಿ, ಉಗುರಂತೂ ಕಡುನೀಲಿ. ಹುಡುಗಿಯಾಗಿದ್ದಾಗಿನಿಂದ ನೀಲಿಸೊಪ್ಪು ಹುದುಗಿಸಿದ ಬಣ್ಣದ ಮಡಕೆಯಲ್ಲಿ ನೂಲು ಅದ್ದಿದ ಕೈ ಅದು. ಅಂಟನ್ನ ಇಡುವ ಬಿದಿರಿನ ಬುಟ್ಟಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಅನ್ನವಿರಲಿಲ್ಲ, ಬಾಳೆಲೆಯ ಚೂರಿನ ಮೇಲೆ ಒಂದು ಗಾಂಜಾ ಎಲೆ ಅರಿಶಿನ ಬಳಿದಂತೆ ಮಲಗಿತ್ತು.

"ನೀನೇನಾ ಡಾಕ್ಟ್ರು? ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ."

"ಬರ್ತಾ ಇದೆ ಯಾಯ್."

"ನಂದು ಹೂವಿಗೆ ನಿಂತಿರೋ ಗಿಡ. ಬುಡದಿಂದ ಹಿಂಗಾಗ್ತಾ ಬರ್ತಿದೆ. ನೋಡಿ ಹೇಳು."

ಫಿಚಿತ್ ಎಲೆಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಹುಬ್ಬು ಗಂಟಿಕ್ಕಿದ. ಮೂಸಿಯೂ ನೋಡಿದ, ಅದರಿಂದ ಏನೂ ತಿಳಿಯದು, ಆದರೆ ನೋಡುವವರಿಗೆ ಧೈರ್ಯ ಬರುತ್ತದೆ. ಆಮೇಲೆ ಹಸಿರು ಬಾಟಲಿ ಕೊಟ್ಟ.

ಕೆಲವು ದಿನ ಬಿಟ್ಟು ಅಜ್ಜಿ ಮತ್ತೆ ಬಂದಳು. ಈ ಸಲ ಬುಟ್ಟಿಯ ತುಂಬ ಹಳದಿ ಎಲೆ.

"ನಿನ್ನ ಬಾಟ್ಲಿ ನೀನೇ ಕುಡಿ," ಎಂದಳು. "ಬಾ, ಗಿಡ ನೋಡು. ರೋಗೀನ ನೋಡದೆ ಔಷಧಿ ಕೊಡೋನು ಅದ್ಯಾವ ಡಾಕ್ಟ್ರು?"

ಜೇ ಎಂಗ್‌ಗೆ ಇದು ಸರಿ ಎನಿಸಿತು. ಅಥವಾ ಗಿರಾಕಿಗಳ ಮುಂದೆ ಅಜ್ಜಿಯ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣಲಿಲ್ಲ. ಫಿಚಿತ್ ಅಜ್ಜಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಫೂಫಾನ್ ಬೆಟ್ಟದ ಬುಡದಲ್ಲಿದ್ದ ಅವಳ ಊರಿಗೆ ಹೊರಟ. ದಾರಿಯುದ್ದಕ್ಕೂ ಅವಳು ಅವನ ಬೆನ್ನಿಗೆ ತನ್ನ ಕತೆ ಹೇಳುತ್ತ ಬಂದಳು.

ಗಂಡ ತಾ ಥೊಂಗ್‌ಸುಕ್ ಬಿದಿರಿನ ಬಾಯ್ವಾದ್ಯ 'ಖೇನ್' ನುಡಿಸುವವನು. ಹಾಡಿನ ಮೇಳದ ಜೊತೆ ಊರೂರು ತಿರುಗುತ್ತಿದ್ದ, ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಇವಳು ನೂಲಿಗೆ ಬಣ್ಣ ಹಾಕಿ, ನೇಯ್ದು ಮನೆ ನಡೆಸಿದಳು. ಅಡುಗೆಮನೆಯ ಹಿಂದೆ ವರ್ಷಕ್ಕೊಂದು ಗಾಂಜಾ ಗಿಡ ಬೆಳೆಯುವುದು ಅವಳ ಅತ್ತೆಯ ಕಾಲದಿಂದಲೂ ಇತ್ತು. ಕೋಳಿ ಸಾರಿಗೆ ಅದರ ನಾಲ್ಕು ಎಲೆ ಬೀಳದಿದ್ದರೆ ಅತ್ತೆ ಅದನ್ನು ಬಿಸಿನೀರು ಎನ್ನುತ್ತಿದ್ದಳಂತೆ. ಆಮೇಲೆ ಕಾನೂನು ಬಿಗಿಯಾಯಿತು. ತಪಾಸಣೆಗೆ ಪೊಲೀಸ್ ಬರುತ್ತಾನೆಂದು ಸುದ್ದಿ ಸಿಕ್ಕಾಗ ಗಿಡ ಕಿತ್ತು ಎಸೆಯಲು ಹೊತ್ತಿರಲಿಲ್ಲ.

"ಅದಕ್ಕೇ ಅಷ್ಟೂ ಎಲೆ ಕೋಳಿ ಸಾರಿಗೆ ಹಾಕ್ದೆ. ಅವ್ನು ಬಂದ. ಬಿಸಿಲಲ್ಲಿ ಬಂದಿದೀಯ, ಊಟ ಮಾಡಪ್ಪಾ ಅಂದೆ. ಎರಡು ಸಲ ಬಡಿಸ್ಕೊಂಡ."

"ಆಮೇಲೆ?"

"ಆಮೇಲೇನು, ಏನು ಹುಡುಕಕ್ಕೆ ಬಂದಿದ್ದೆ ಅಂತಾನೇ ಮರ್ತುಬಿಟ್ಟ. ನಗ್ತಾ ನಗ್ತಾ ಹೋದ."

ಆದರೆ ತಾ ಥೊಂಗ್‌ಸುಕ್ ಒಂದು ಕೆಲಸ ಮಾಡಿದ್ದ. ಆ ಗಿಡದ ಬೀಜವನ್ನು ಖೇನ್‌ನ ಒಡೆದ ಕೊಳವೆಯೊಂದರಲ್ಲಿ ತುಂಬಿ, ವಾದ್ಯಕ್ಕೆ ಮೆತ್ತುವ ಕಪ್ಪು ಮೇಣದಿಂದಲೇ ಬಾಯಿ ಮುಚ್ಚಿ ಅಟ್ಟಕ್ಕೆ ಸಿಕ್ಕಿಸಿಟ್ಟಿದ್ದ. ಬೆಟ್ಟದ ಹಳೆಯ ತಳಿ ಅದು. ಹೂಗೊನೆ ಅಳಿಲಿನ ಬಾಲದ ಹಾಗೆ ಉದ್ದಕ್ಕೆ ಬಾಗುವುದರಿಂದ ಅಳಿಲಬಾಲ ಎಂದೇ ಹೆಸರು. ಈಗ ಊರವರೆಲ್ಲ ಬೆಳೆಯುವುದು ಪೊಟ್ಟಣದಲ್ಲಿ ಬರುವ ಪರದೇಶದ ಬೀಜ. ಈ ವರ್ಷ ಮಳೆಗಾಲದ ಮೊದಲಿಗೆ ತಾ ತೀರಿಕೊಂಡ ಮೇಲೆ ಅಜ್ಜಿ ಕೊಳವೆ ಒಡೆದು ನೋಡಿದಳು. ಬಹುಪಾಲು ಪುಡಿಯಾಗಿತ್ತು. ಇದ್ದಬದ್ದದ್ದನ್ನೆಲ್ಲ ತಾ ಕೂತು ಖೇನ್ ನುಡಿಸುತ್ತಿದ್ದ ಜಾಗದಲ್ಲೇ ಬಿತ್ತಿದಳು. ಎರಡು ಮೊಳಕೆ ಬಂದವು. ಒಂದು ಗಂಡು, ತನ್ನ ಪರಾಗ ಉದುರಿಸಿ ಒಣಗಿಹೋಯಿತು. ಉಳಿದ ಹೆಣ್ಣು ಗಿಡದ ಹೂವಿನೊಳಗೆ ಈಗ ಬೀಜ ಕಟ್ಟುತ್ತಿತ್ತು.

"ಬೀಜ ಬಲಿಯೋ ಮುಂಚೆ ಇದು ಸತ್ರೆ ಮುಗೀತು," ಎಂದಳು. ಆ ಒಂದು ಮಾತು ಹೇಳುವಾಗ ಮಾತ್ರ ಅವಳ ದನಿಯಲ್ಲಿ ನಗುವಿರಲಿಲ್ಲ. "ಆ ಕೊಳವೇಲಿ ಇನ್ನೇನೂ ಇಲ್ಲ."

ಫಿಚಿತ್ ಹಸಿರು ಅಂಗಿ ಹಾಕಿಕೊಂಡದ್ದಕ್ಕೆ ಮೊದಲ ಸಲ ಪಶ್ಚಾತ್ತಾಪಪಟ್ಟ.

ಗಿಡ ಅವನಿಗಿಂತ ಎತ್ತರವಿತ್ತು. ನೆತ್ತಿಯ ಹೂಗೊನೆಗಳು ನಿಜಕ್ಕೂ ಅಳಿಲುಗಳು ಬಾಲವೆತ್ತಿ ಕೂತಂತಿದ್ದವು. ಕೆಳಗಿನ ಎಲೆ ಮಾತ್ರ ಹಳದಿಯಾಗಿ ಜೋತುಬಿದ್ದಿತ್ತು. ಹೂ ಬಿಡುವಾಗ ಬುಡದ ಹಳೇ ಎಲೆ ಸ್ವಲ್ಪ ಹಳದಿಯಾಗುವುದು ಸಹಜ, ಗಿಡ ಅದರ ಸಾರ ಎಳೆದು ಹೂವಿಗೆ ಕಳಿಸುತ್ತದೆ ಎಂದು ಅವನು ಹೇಳಿದ. ಇದು ವಿಡಿಯೋದಲ್ಲಿ ನೋಡಿದ್ದೇ, ಆದರೆ ಈ ಸಲ ಸರಿಯಾದ ಮಾತು.

"ಬಸುರಿ ಸೊರಗಿ ಮಗು ಬೆಳೆದ ಹಾಗೆ," ಎಂದಳು ಅಜ್ಜಿ.

"ಹಾಂ, ಹಾಗೇ. ಹಳದಿ ಬುಡದಲ್ಲೇ ನಿಂತ್ರೆ ಭಯ ಇಲ್ಲ. ಮೇಲಕ್ಕೆ ಹತ್ತಿದ್ರೆ ರೋಗ. ಒಂದು ಗುರುತು ಮಾಡಿಟ್ಟು ನೋಡೋಣ."

ಅಜ್ಜಿ ಒಳಗಿನಿಂದ ಬಿಳಿ ನೂಲು ತಂದಳು. ಶುಭ ಹಾರೈಸಿ ಮುಂಗೈಗೆ ಕಟ್ಟುತ್ತಾರಲ್ಲ, ಆ ದಾರ. ಹಳದಿ ಎಲ್ಲಿ ಮುಗಿದು ಹಸಿರು ಶುರುವಾಗಿತ್ತೋ ಅಲ್ಲಿ ಕಾಂಡಕ್ಕೆ ಸುತ್ತಿ ಗಂಟು ಹಾಕಿದಳು. ಫಿಚಿತ್‌ಗೆ ತನ್ನ ಉಪಾಯ ಬಹಳ ಚಂದ ಕಂಡಿತು. ಫೋಟೋ ಕೂಡ ತೆಗೆದುಕೊಂಡ.

ಮುಂದಿನ ಸಲ ಅವನು ಭೂತಗನ್ನಡಿ ತೆಗೆದುಕೊಂಡು ಹೋದಾಗ ಹಳದಿ ದಾರವನ್ನು ದಾಟಿ ಒಂದು ಮೊಳ ಮೇಲೇರಿತ್ತು. ಅಷ್ಟೇ ಅಲ್ಲ, ಗಿಡದ ಬುಡದಲ್ಲಿ ಚೆಂಡುಹೂವಿನ ಹಾರ, ಸ್ಟ್ರಾ ಹಾಕಿಟ್ಟ ಕೆಂಪು ಸೋಡಾ ಬಾಟಲಿ, ಒಂದು ಪುಟ್ಟ ಲೋಟದಲ್ಲಿ ಅಕ್ಕಿ ಸಾರಾಯಿ.

"ಇದೇನು ಯಾಯ್, ಪೂಜೆ?"

"ನಾನಲ್ಲಪ್ಪ. ದಿನಾ ಬೆಳಿಗ್ಗೆ ಭಿಕ್ಷುಗಳಿಗೆ ಅಡುಗೆ ಮಾಡಕ್ಕೆ ಮಠಕ್ಕೆ ಹೋಗಿರ್ತೀನಿ. ವಾಪಸ್ ಬರೋಷ್ಟರಲ್ಲಿ ಯಾರೋ ಇಟ್ಟಿರ್ತಾರೆ. ಬಿಳಿ ದಾರ ಕಟ್ಟಿದ ಗಿಡದಲ್ಲಿ ಯಾರೋ ದೊಡ್ಡೋರು ನೆಲೆಸಿದಾರೆ ಅಂದ್ಕೊಂಡ್ರೇನೋ."

ಅವನು ಎಲೆಯ ತಳವನ್ನು ಭೂತಗನ್ನಡಿಯಲ್ಲಿ ನೋಡಿದ. ನುಸಿಯಿಲ್ಲ, ಬಲೆಯಿಲ್ಲ, ಮೊಟ್ಟೆಯಿಲ್ಲ. ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯೋ ಎಂದು ನೋಡಿದ. ಇಲ್ಲ, ಎಲೆ ಪೂರ್ತಿ ಹಳದಿ. ನೀರಿಲ್ಲದೆ ಬಾಡಿದ್ದರೆ ಎಲೆ ಕೈಯಲ್ಲಿ ಗರಗರ ಎನ್ನಬೇಕಿತ್ತು. ಇದು ನೀರು ಕುಡಿದ ಬಟ್ಟೆಯಂತೆ ಭಾರವಾಗಿ ಜೋತಿತ್ತು. ಕೊನೆಗೆ ಬೇರೇನೂ ತೋಚದೆ ಹೂಹಾರ ಸರಿಸಿ ಬೆರಳನ್ನು ಮಣ್ಣಿಗೆ ಚುಚ್ಚಿದ. ಬೆರಳು ಬೆಣ್ಣೆಯೊಳಗೆ ಹೋದಂತೆ ಬುಡದವರೆಗೂ ಹೋಯಿತು. ಮಳೆ ನಿಂತು ಎಷ್ಟೋ ದಿನವಾಗಿದೆ, ಸುತ್ತಲ ಅಂಗಳವೆಲ್ಲ ಬಿರುಕುಬಿಟ್ಟಿದೆ, ಇಲ್ಲಿ ಮಾತ್ರ ಗದ್ದೆಯ ಕೆಸರು! ಅಜ್ಜಿ ಅವನ ಬೆರಳನ್ನು ಮೂಸಿದಳು.

"ಹುಳಿ. ಬಣ್ಣದ ಮಡಕೆ ಹುದುಗು ಕೆಟ್ಟು ಸತ್ರೆ ಇದೇ ವಾಸ್ನೆ."

"ನೀರು ಜಾಸ್ತಿಯಾಗಿ ಬೇರಿಗೆ ಉಸಿರು ಕಟ್ಟಿದೆ ಯಾಯ್. ಬೇರು ಕೊಳೀತಿದೆ, ಅದಕ್ಕೇ ಹಳದಿ." ಅವನಿಗೆ ತನ್ನ ಮೇಲೆ ತನಗೇ ಗೌರವ ಬಂದುಬಿಟ್ಟಿತು. ಆ ಹುಮ್ಮಸ್ಸಿನಲ್ಲಿ ಒಂದು ಮಾತು ಹೆಚ್ಚಾಯಿತು. "ನೀವು ವಯಸ್ಸಾದೋರು. ನೀರು ಹಾಕಿದ್ದು ಮರ್ತು ಮತ್ತೆ ಮತ್ತೆ ಹಾಕ್ತಿದೀರೇನೋ..."

"ನಿನ್ ತಲೆ! ಮೂರು ದಿನಕ್ಕೊಂದು ಚೊಂಬು, ಅದೂ ಮುಕ್ಕಾಲು. ಮರಿಯೋಳು ನಾನಲ್ಲ. ಹೋದ್ಸಲ ಬಂದಾಗ ನೀನು ಬಿಟ್ಟುಹೋದ ಟೋಪಿ ಒಳಗಿದೆ, ತಗೊಂಡು ಹೋಗು."

ಹಾಗಾದರೆ ನೀರು ಯಾರದು? ಮರುದಿನ ಅಜ್ಜಿ ಮಠಕ್ಕೆ ಹೋಗಲಿಲ್ಲ. ಫಿಚಿತ್ ನಸುಕಿನಲ್ಲೇ ಬಂದ. ಕಂಬದ ಮೇಲಿನ ಮನೆಯ ಕೆಳಗೆ, ಮಗ್ಗದ ಹಿಂದೆ ಇಬ್ಬರೂ ಅಡಗಿ ಕೂತರು.

ಭಿಕ್ಷುಗಳ ಸಾಲು ಬೀದಿಯಲ್ಲಿ ಹಾದುಹೋಯಿತು. ಅನ್ನ ನೀಡಿದ ಹೆಂಗಸರು ಪದ್ಧತಿಯಂತೆ ಪುಣ್ಯವನ್ನು ಸತ್ತವರಿಗೆ ಮುಟ್ಟಿಸಲು ಪುಟ್ಟ ಬಟ್ಟಲಲ್ಲಿ ನೀರು ಬಿಟ್ಟರು. ಆ ನೀರನ್ನು ಒಂದು ಗಿಡದ ಬುಡಕ್ಕೆ ಹೊಯ್ಯಬೇಕು. ಯಾರ ಗಿಡಕ್ಕೆ? ಎಲ್ಲರೂ ನೆಟ್ಟಗೆ ಸಾಯ್‌ಬುವಾಳ ಅಂಗಳಕ್ಕೆ ನುಗ್ಗಿದರು. ಬಟ್ಟಲು ಬರಿಯ ನೆಪ. ಒಬ್ಬಳ ಕೈಯಲ್ಲಿ ಚೊಂಬು, ಇನ್ನೊಬ್ಬಳ ಕೈಯಲ್ಲಿ ಹೂಜಿ. ಎದುರುಮನೆಯ ಯಾಯ್ ಲಮೈ ಎಲ್ಲರಿಗಿಂತ ಮುಂದೆ ಬಕೆಟ್ ಹಿಡಿದು ಬಂದಳು.

"ಏ ಥೊಂಗ್‌ಸುಕ್, ಹೆಂಗಿದೀಯೋ? ತಗೋ," ಎಂದು ಬಕೆಟ್ ಬಗ್ಗಿಸಿದಳು. "ನೋಡ್ರೇ, ದಿನದಿಂದ ದಿನಕ್ಕೆ ಹಳದಿ ಆಗ್ತಿದಾನೆ."

"ಕಾಮಾಲೆ ಕಣೇ," ಎಂದಳು ಹೂಜಿಯವಳು. "ಬದುಕಿದ್ದಾಗ ಕುಡಿದದ್ದೇನು ಕಮ್ಮೀನಾ? ಈಗ ಹೊರಗೆ ಬರ್ತಿದೆ."

"ಕಾಮಾಲೆಗೆ ನೀರು ಜಾಸ್ತಿ ಕುಡಿಸ್ಬೇಕಂತೆ."

"ಕುಡಿಸು ಮತ್ತೆ!"

"ಅಲ್ಲ, ಇದು ಹೆಣ್ಣು ಗಿಡ ಅಂತಾರಲ್ಲೇ. ಥೊಂಗ್‌ಸುಕ್ ಹೆಂಗಾಗ್ತಾನೆ?"

"ಹೆಂಗಸರ ಮಧ್ಯಾನೇ ಇದ್ದು ಇದ್ದು ಕೊನೆಗೆ ಹಿಂಗಾದ ಬಿಡು," ಎಂದು ಲಮೈ ಗಿಡದ ಕಾಂಡವನ್ನು ಮೆಲ್ಲಗೆ ತಟ್ಟಿದಳು. "ದಾರ ಬೇರೆ ಕಟ್ಟಿದಾಳೆ ನೋಡು, ಓಡಿಹೋಗ್ದಿರ್ಲಿ ಅಂತ."

ಮಗ್ಗದ ಹಿಂದೆ ಸಾಯ್‌ಬುವಾ ಲುಂಗಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಬಂದವರ ಮುಖ ಒಂದೊಂದಾಗಿ ಗುರುತಿಸುತ್ತ ಹೋದಂತೆ ನಗು ಕಡಿಮೆಯಾಯಿತು.

"ಅವಳೂ ಬಂದಿದಾಳಾ!" ಎಂದು ಪಿಸುಗುಟ್ಟಿದಳು. "ಅವಳಿಗೆ ಇವನು ಯಾವಾಗ ಖೇನ್ ನುಡಿಸಿದ್ದ?"

ಹೆಂಗಸರು ಹೋದ ಮೇಲೆ ಬುಡದಲ್ಲಿ ನೀರು ನಿಂತು ಆಕಾಶ ಕಾಣುತ್ತಿತ್ತು. ಎಲೆ ಹಳದಿಯಾಯಿತೆಂದು ಅವರು ನೀರು ಹೊಯ್ಯುತ್ತಿದ್ದರು; ನೀರು ಹೊಯ್ದಷ್ಟೂ ಎಲೆ ಹಳದಿಯಾಗುತ್ತಿತ್ತು. ಅದರ ಮೇಲೆ ತಾನೂ ಅಜ್ಜಿಯೂ ಕಟ್ಟಿದ ದಾರ ಬೇರೆ, ಜಾಹೀರಾತಿನ ಫಲಕದಂತೆ. ಫಿಚಿತ್ ಫೋನಿನಲ್ಲಿದ್ದ ಫೋಟೋವನ್ನು ಸದ್ದಿಲ್ಲದೆ ಅಳಿಸಿದ.

"ಒಂದು ಬೋರ್ಡ್ ಹಾಕೋಣ ಯಾಯ್. ನೀರು ಹಾಕಬಾರದು ಅಂತ."

"ಸತ್ತೋನಿಗೆ ಬಿಡೋ ನೀರನ್ನ ಬೇಡ ಅನ್ನಕ್ಕಾಗುತ್ತೇನೋ? ನನ್ನ ಗಂಡನಿಗೆ ಪುಣ್ಯ ಬೇಡ ಅಂತ ನಾನೇ ಹೇಳ್ಲಾ?"

"ಹಾಗಾದ್ರೆ ಬೇಲಿ."

"ಬೇಲಿ ಹಾಕಿದ್ರೆ ಲಮೈ ಹಾರ್ತಾಳೆ. ಅವಳು ಹಾರೋದನ್ನ ನೀನು ನೋಡಿಲ್ಲ."

ಗಿಡದಿಂದ ಒಂದು ಹಳದಿ ಎಲೆ ಕಳಚಿ ನೀರಿನ ಮೇಲೆ ಬಿತ್ತು. ಅಜ್ಜಿ ಅದನ್ನೇ ನೋಡುತ್ತಿದ್ದವಳು ಎದ್ದು ಗುದ್ದಲಿ ತಂದು ಅವನ ಕೈಗೆ ಕೊಟ್ಟಳು.

"ನೀನು ನೀರು ಹೊರಗೆ ಹೋಗೋ ಹಂಗೆ ಕಾಲುವೆ ತೋಡು. ಜನಾನ ನಾನು ನೋಡ್ಕೋತೀನಿ."

ಫಿಚಿತ್ ಬುಡದಿಂದ ದೂರವಾಗಿ ಸುತ್ತಲೂ ತೋಡು ತೆಗೆದು ನೀರನ್ನು ಇಳಿಜಾರಿಗೆ ಹರಿಸಿದ. ಬೇರಿಗೆ ಪೆಟ್ಟಾಗದಂತೆ ಕೋಲಿನಿಂದ ಅಲ್ಲಲ್ಲಿ ತೂತು ಮಾಡಿ ಭತ್ತದ ಹೊಟ್ಟು ತುಂಬಿದ. ಸಾರಾಯಿಯ ಲೋಟ ಎತ್ತಿಟ್ಟ. ಬಿಳಿ ದಾರ ಬಿಚ್ಚಿ, ಅದರ ಬದಲು ಹಳದಿಯ ಹೊಸ ಗಡಿಯಲ್ಲಿ ಯಾರಿಗೂ ಭಕ್ತಿ ಬಾರದಂಥ ಒಂದು ಪ್ಲಾಸ್ಟಿಕ್ ಬಟ್ಟೆಕ್ಲಿಪ್ ಸಿಕ್ಕಿಸಿದ. ಸಂಜೆಯ ಹೊತ್ತಿಗೆ ಹಸಿರು ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಮರುದಿನ ಮಠದ ಜಗಲಿಯಲ್ಲಿ ಭಿಕ್ಷುಗಳ ಊಟವಾಗಿ ಹೆಂಗಸರು ತಮ್ಮ ಊಟಕ್ಕೆ ಕೂತಿದ್ದರು. ಹಸಿ ಪಪ್ಪಾಯಿಕಾಯಿಯ ಖಾರದ ಕೋಸಂಬರಿ, ಅಂಟನ್ನ, ಹುಳಿ ಬರಿಸಿದ ಮೀನು. ಫಿಚಿತ್‌ನನ್ನೂ ಕರೆದಿದ್ದರು. ಸಾಯ್‌ಬುವಾ ಅನ್ನದ ಉಂಡೆ ಕಟ್ಟುತ್ತ, ಹವಾಮಾನದ ವಿಷಯ ಹೇಳುವಂತೆ ಹೇಳಿದಳು.

"ನಿನ್ನೆ ನಮ್ಮ ಮನೆಯೋರು ಕನಸಲ್ಲಿ ಬಂದಿದ್ರು."

ಇಡೀ ಜಗಲಿ ಅಗಿಯುವುದನ್ನು ನಿಲ್ಲಿಸಿತು.

"ಏನಂದ?" ಎಂದಳು ಲಮೈ.

"ಗಾಂಜಾ ಗಿಡದಲ್ಲಿ ಇಕ್ಕಟ್ಟಂತೆ. ಮನೆ ಬದಲಾಯಿಸ್ದೆ ಅಂದ್ರು. ಬಚ್ಚಲ ಹಿಂದೆ ಬಾಳೆಗಿಡ ಇದ್ಯಲ್ಲ, ಈಗ ಅಲ್ಲಿದಾರಂತೆ. ನೀರು ಬಿಡೋರು ಅಲ್ಲಿಗೇ ಬಿಡ್ಬೇಕಂತೆ."

ಲಮೈ ಕಣ್ಣು ಕಿರಿದು ಮಾಡಿದಳು. "ಬಾಳೆಗಿಡಾನಾ? ಬಾಳೆಗಿಡದಲ್ಲಿ ಆ ಚೆಲುವೆ ಹೆಣ್ಣುದೆವ್ವ ಇರುತ್ತಲ್ಲೇ, ಹಸಿರು ಸೀರೆಯೋಳು, ಗಂಡಸರನ್ನ ಕರೀತಾಳಲ್ಲ?"

"ಮತ್ತೆ ಅವರು ಇನ್ಯಾಕೆ ಹೋಗಿದಾರೆ ಅಂದ್ಕೊಂಡೆ?"

ಜಗಲಿಗೆ ಜಗಲಿಯೇ ನಕ್ಕಿತು. ಹೂಜಿಯವಳು ಬಿಕ್ಕಳಿಸಿದಳು. ಹಿರಿಯ ಭಿಕ್ಷು ಒಳಗಿನಿಂದ ಕೆಮ್ಮಿ ಎಚ್ಚರಿಸಬೇಕಾಯಿತು. ಕನಸು ನಿಜವೇ ಎಂದು ಒಬ್ಬರಾದರೂ ಕೇಳಲಿಲ್ಲ. ಥೊಂಗ್‌ಸುಕ್‌ನನ್ನು ಬಲ್ಲವರಿಗೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. "ಅವನೇ ಕಣ್ರೇ, ಅನುಮಾನಾನೇ ಇಲ್ಲ," ಎಂದು ಲಮೈ ಹಣೆ ಬಡಿದುಕೊಂಡಳು. "ಸತ್ಮೇಲೂ ಬುದ್ಧಿ ಬರ್ಲಿಲ್ಲ."

ಅಂದಿನಿಂದ ಬಕೆಟು, ಹೂಜಿ, ಕೆಂಪು ಸೋಡಾ ಎಲ್ಲವೂ ಬಚ್ಚಲ ಹಿಂದಕ್ಕೆ ಹೋದವು. ಬಾಳೆಗಿಡಕ್ಕೆ ಎಷ್ಟು ನೀರಾದರೂ ಸಂತೋಷವೇ. ಅದು ಪಕ್ಕದಲ್ಲಿ ಮರಿ ಹಾಕತೊಡಗಿತು. ಅದಕ್ಕೂ ಲಮೈ ಏನೋ ಅಂದಳು, ಇಲ್ಲಿ ಬರೆಯುವಂಥದ್ದಲ್ಲ.

ಫಿಚಿತ್ ಅಂಗಡಿಗೆ ರಜೆ ಸಿಕ್ಕಾಗಲೆಲ್ಲ ಬಂದು ಬಟ್ಟೆಕ್ಲಿಪ್ ನೋಡುತ್ತಿದ್ದ. ಹಳದಿಯಾದ ಎಲೆ ಮತ್ತೆ ಹಸಿರಾಗಲಿಲ್ಲ, ಆಗುವುದೂ ಇಲ್ಲ; ಒಂದೊಂದೇ ಉದುರಿತು. ಮೊದಲ ವಾರ ಕ್ಲಿಪ್ಪಿನ ಮೇಲೆ ಇನ್ನೊಂದು ಎಲೆ ಹಳದಿಯಾದಾಗ ಅಜ್ಜಿ ಅವತ್ತು ಊಟ ಬಿಟ್ಟಳು. ಆಮೇಲೆ ನಿಂತಿತು. ಮಣ್ಣು ಮೇಲಿನಿಂದ ಒಣಗಿ ಬಿರಿಯಿತು, ಹುಳಿ ವಾಸನೆ ಹೋಯಿತು. ನೆತ್ತಿಯ ಎಲೆಗಳು ಕಿವಿ ನಿಮಿರಿಸಿದಂತೆ ಮೇಲೆದ್ದವು. ಜೇ ಎಂಗ್ ಮಾತ್ರ ಸಿಡುಕುತ್ತಿದ್ದಳು: ನೀರು ಹಾಕಬೇಡಿ ಎಂದು ಹೇಳಿ ಗಿಡ ಉಳಿಸುವ ಡಾಕ್ಟರಿಂದ ಅಂಗಡಿ ಹೇಗೆ ನಡೆಯಬೇಕು?

ಚಳಿ ಜೋರಾದ ಒಂದು ಬೆಳಿಗ್ಗೆ ಅಜ್ಜಿ ಅವನನ್ನು ಕರೆಸಿದಳು. ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿತ್ತು. ಒಣಗಿದ ಒಂದು ಅಳಿಲಬಾಲವನ್ನು ನೀಲಿ ಅಂಗೈಗಳ ನಡುವೆ ಉಜ್ಜಿದಳು. ಬಟ್ಟೆಯ ಮೇಲೆ ಪಟಪಟ ಬೀಜ ಉದುರಿತು. ಗಟ್ಟಿ ಬೀಜ, ಹುಲಿಯ ಮೈಯಂಥ ಗೆರೆ. ಅಜ್ಜಿ ಒಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಟಿಕ್ ಎಂದಿತು. ಅವಳ ಮುಖ ಅರಳಿದ್ದನ್ನು ನೋಡಿ ಫಿಚಿತ್‌ಗೆ ಕಾರಣವಿಲ್ಲದೆ ಕುಣಿಯಬೇಕೆನಿಸಿತು. ಸ್ವಲ್ಪ ಕುಣಿದೂ ಬಿಟ್ಟ. ಎದುರುಮನೆಯಿಂದ ಲಮೈ ಚಪ್ಪಾಳೆ ತಟ್ಟಿದಳು. ಬೀಜ ಊರಿಗೆಲ್ಲ ಒಂದೊಂದು ಹಿಡಿ, ಲಮೈಗೆ ಎರಡು ಹಿಡಿ ಎಂದು ಅಜ್ಜಿ ಪಾಲು ಮಾಡಿದಳು. ಇನ್ನು ಮೇಲೆ ಒಂದೇ ಕೊಳವೆಯಲ್ಲಿ ಮುಚ್ಚಿಡುವ ಮಾತೇ ಇಲ್ಲವಂತೆ.

ಕೋಳಿ ಸಾರಿನ ಪಾತ್ರೆ ಒಲೆಯ ಮೇಲೆ ಕುದಿಯುತ್ತಿತ್ತು. ಇಬ್ಬರೇ ಇದ್ದರು. ಫಿಚಿತ್‌ಗೆ ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ. ಕೇಳಬಾರದೆಂದು ಗೊತ್ತಿತ್ತು, ಕೇಳಿದ.

"ಯಾಯ್, ಒಂದ್ಮಾತು. ತಾ ನಿಜವಾಗ್ಲೂ ಕನಸಲ್ಲಿ ಬಂದಿದ್ರಾ?"

ಅಜ್ಜಿ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು.

"ಎಲ್ಲಿ ಬಂದ? ಸತ್ತಾಗಿಂದ ಒಂದು ರಾತ್ರೀನೂ ಬಂದಿಲ್ಲ. ಬರ್ಲಿ ಅಂತ ದಿನಾ ಬೇಗ ಮಲಗ್ತೀನಿ. ಬದುಕಿದ್ದಾಗ್ಲೂ ಹಿಂಗೇ ಕಾಯಿಸ್ತಿದ್ದ, ಬಡ್ಡಿಮಗ. ತಟ್ಟೆ ತಗೋ, ಊಟ ಮಾಡು."